ಹುಲ್ಲಿನ ಪರವಾಗಿ ಮೆಟ್ಟಿಲು ಹತ್ತುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಕಚೇರಿಗಳ ದೊಡ್ಡ ಕಟ್ಟಡದಲ್ಲಿ ಮೆಟ್ಟಿಲು ಒರೆಸುವಾಕೆ ಬಕೆಟ್ಟನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತ ಕೆಳಗೆ ಬರುತ್ತಿದ್ದಾಳೆ. ಕೊನೆಯ ಮೆಟ್ಟಿಲ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಿಂತಿದ್ದಾರೆ. ಒದ್ದೆ ನೆಲ ತುಳಿದರೆ ಒರೆಸಿದವಳ ಶ್ರಮ ಮಣ್ಣುಪಾಲಾಗುತ್ತದೆ ಎಂಬ ಸಂಕೋಚ. ಒರೆಸುವಾಕೆಗೆ ನಗು. "ಹತ್ತು ಹುಲ್ಲಕ್ಕ, ಪರವಾಗಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಬೂಟು ಹಾಕ್ಕೊಂಡು ಬರೋ ದೊಡ್ಡೋರು ನಿನ್ನ ಹಾಗೆ ನೆಲ ನೋಡ್ಕೊಂಡು ಬರ್ತಾರಾ?" ಎನ್ನುತ್ತಾಳೆ.

ಹುಲ್ಲಕ್ಕ ಹತ್ತುವುದಿಲ್ಲ. ಅವರು ಕಾಯುತ್ತಿರುವುದೇ ಆ ಬೂಟಿನವರಿಗಾಗಿ. ಬಜೆಟ್ಟಿನ ಕಾಲದಲ್ಲಿ ಹಣಕಾಸು ಇಲಾಖೆಯ ಅಧಿಕಾರಿಗಳು ಹೊತ್ತಿಗೆ ಮೊದಲೇ ಬರುತ್ತಾರೆ. ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಹುಲ್ಲಕ್ಕ ಅವರ ಜೊತೆಗೆ ಹೆಜ್ಜೆ ಹಾಕುತ್ತಾರೆ, ಒಂದು ಮಹಡಿ ಹತ್ತುವುದರೊಳಗೆ ಒಂದೇ ಒಂದು ಮಾತು ಹೇಳಿ ಮುಗಿಸುತ್ತಾರೆ, ನಮಸ್ಕಾರ ಮಾಡಿ ಕೆಳಗಿಳಿದು ಮತ್ತೊಬ್ಬರಿಗಾಗಿ ನಿಲ್ಲುತ್ತಾರೆ. ಕಾಯುವ ಕೋಣೆಯಲ್ಲಿ ಕೂತರೆ ಆಗುವುದಿಲ್ಲವೇ ಎಂದು ಕೇಳಿದರೆ ಅವರ ಕಣ್ಣಲ್ಲಿ ತುಂಟತನ ಮಿಂಚುತ್ತದೆ. "ಕೋಣೆಯಲ್ಲಿ ಅವರು ಗಡಿಯಾರ ನೋಡ್ತಾರೆ. ಮೆಟ್ಟಿಲ ಮೇಲೆ ಉಸಿರು ಬಿಡೋದೇ ಕಷ್ಟ, ಆಗಲ್ಲ ಹೋಗಮ್ಮ ಅನ್ನೋಕೂ ದಮ್ಮು ಬೇಕಲ್ಲ?"

ಅವರು ಹೇಳುವ ಮಾತು ಹುಲ್ಲಿನದು. ನಗರದಿಂದ ಒಂದು ಹಗಲಿನ ಬಸ್ಸಿನ ದಾರಿಯಲ್ಲಿ ಗುಡ್ಡಗಳ ಮೇಲೆ ಹಬ್ಬಿರುವ ಸರ್ಕಾರಿ ಹುಲ್ಲುಗಾವಲು ಅದು. ಯಾರ ಸ್ವಂತದ್ದೂ ಅಲ್ಲ, ಹಾಗಾಗಿ ಎಲ್ಲರದ್ದೂ ಹೌದು. ಅದನ್ನು ಮೂರು ಪಾಲು ಮಾಡಿ, ಪ್ರತಿ ಪಾಲಿಗೂ ಒಂದು ಗೇಟು ಇಟ್ಟು, ವರ್ಷಕ್ಕೊಂದು ಪಾಲನ್ನು ಮುಚ್ಚಿ ಹುಲ್ಲಿಗೆ ವಿಶ್ರಾಂತಿ ಕೊಡುವ ಏರ್ಪಾಡು ಹಿಂದಿನಿಂದ ಬಂದದ್ದು. ಮೇಯದೆ ಬಿಟ್ಟ ವರ್ಷ ಹುಲ್ಲು ಮೇಲಕ್ಕೆ ಬೆಳೆದಂತೆ ಕಾಣುತ್ತದೆ, ನಿಜವಾಗಿ ಅದು ಬೆಳೆಯುವುದು ಕೆಳಕ್ಕೆ. ಬೇರು ಇಳಿದಷ್ಟೂ ಮಳೆಯ ನೀರು ಮಣ್ಣಿನಲ್ಲಿ ತಂಗುತ್ತದೆ. ಭೂಮಿತಾಯಿ ಮಗುವನ್ನು ಮಲಗಿಸಿ ಮೈಮೇಲೆ ಹೊದಿಕೆ ಎಳೆದುಕೊಳ್ಳುವ ಹೊತ್ತು ಅದು. ಆಗ ಬಾಗಿಲು ಕಾಯಲು ಯಾರಾದರೂ ಬೇಕು.

ಒಂದು ಕಾಲಕ್ಕೆ ಪ್ರತಿ ಗೇಟಿಗೂ ಒಬ್ಬ ಕಾವಲುಗಾರನಿದ್ದ. ಒಬ್ಬೊಬ್ಬರೇ ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಈಗ ಮೂರು ಗೇಟಿಗೂ ಉಳಿದಿರುವವರು ಒಬ್ಬರೇ, ಎಲ್ಲರ ಬಾಯಲ್ಲಿ ಬೇಲಿ ಮಾಮ. ಈ ತಿಂಗಳು ಕಳೆದರೆ ಅವರೂ ನಿವೃತ್ತರು. ಅಷ್ಟರೊಳಗೆ ಹೊಸಬರನ್ನು ನೇಮಿಸದಿದ್ದರೆ ಹುದ್ದೆಗಳೇ ರದ್ದು. ಆಮೇಲೆ ಗೇಟುಗಳು ಗಾಳಿಗೆ ಬಡಿದುಕೊಳ್ಳುತ್ತ ನಿಲ್ಲುತ್ತವೆ, ಮೊದಲ ಮಳೆಗೆ ಎಳೆ ಚಿಗುರು ಮೂಡಿದ ದಿನವೇ ಮಂದೆಗಳೆಲ್ಲ ಒಟ್ಟಿಗೆ ಒಳನುಗ್ಗುತ್ತವೆ. ಅದನ್ನು ತಪ್ಪಿಸಲೆಂದೇ ಹುಲ್ಲಕ್ಕ ಈ ಮೆಟ್ಟಿಲ ಬುಡದಲ್ಲಿ ಬೀಡುಬಿಟ್ಟಿದ್ದಾರೆ.

ಅವರ ಅಪ್ಪ ಅದೇ ಗುಡ್ಡದಲ್ಲಿ ಕುರಿ ಕಾಯುತ್ತಿದ್ದವರು. ಮಗಳು ನಾಲ್ಕಕ್ಷರ ಕಲಿತು ನಗರದ ವಕೀಲರೊಬ್ಬರ ಬಳಿ ಟೈಪು ಮಾಡುತ್ತಿದ್ದಳು. ಕುರಿಗಾರರು ಸಂಘ ಕಟ್ಟಿಕೊಂಡು, ಕಚೇರಿಯಲ್ಲಿ ತಮ್ಮ ಪರವಾಗಿ ಮಾತಾಡಲು ಒಬ್ಬರು ಬೇಕೆಂದು ಹುಡುಕುತ್ತ ಬಂದಾಗ ಅವರಿಗೆ ಹೊಳೆದದ್ದು ಈ ಮಗಳೇ. ಅಂದಿನಿಂದ ಇದೇ ಅವರ ಉದ್ಯೋಗ. ಉಣ್ಣೆ ಕತ್ತರಿಸಿದ ಮೇಲೆ ಸಂಘದವರು ಕೂಡಿಸಿ ಸಂಬಳ ಕೊಡುತ್ತಾರೆ. ಉಣ್ಣೆ ತಡವಾದರೆ ಸಂಬಳವೂ ತಡ. ಆಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಮನೆ ತೂಗಿಸುತ್ತಾರೆ.

ಆ ಮನೆ ಒಂದು ಕೋಣೆ, ಒಂದು ಅಡುಗೆಮನೆ. ಗಂಡ ತಂದಿಟ್ಟ ಹಳೆಯ ಬಸ್ಸಿನ ಸೀಟೇ ಅತ್ತೆಯ ಸಿಂಹಾಸನ. ಸೊಸೆಯ ಕೆಲಸವೇನೆಂದು ಅತ್ತೆಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. "ಹುಲ್ಲಿನ ವಿಷ್ಯ" ಎಂದು ಅಕ್ಕಪಕ್ಕದವರಿಗೆ ಹೇಳಿ ಹೇಳಿ, ಒಮ್ಮೆ ಹಾಲು ಮಾರುವವನು ಬಂದು ಒಂದು ಹೊರೆ ಹುಲ್ಲಿಗೆ ಎಷ್ಟೆಂದು ಕೇಳಿದ್ದನಂತೆ. ಅತ್ತೆ ಅವನನ್ನು ಕೂರಿಸಿ, ಸೊಸೆ ಬರಲಿ, ಕಡಿಮೆಗೆ ಕೊಡಿಸ್ತೀನಿ ಎಂದು ಮಾತು ಕೊಟ್ಟುಬಿಟ್ಟಿದ್ದರಂತೆ. "ನಾನು ಬಂದು ನೋಡಿದ್ರೆ ಅವನಾಗಲೇ ಎರಡು ಲೋಟ ಟೀ ಕುಡಿದಿದ್ದ. ಆ ಟೀ ದುಡ್ಡು ಯಾರ ಬಜೆಟ್ಟಿಗೆ ಹಾಕೋದು?" ಎಂದು ಹುಲ್ಲಕ್ಕ ನೆನೆದು ನಗುತ್ತಾರೆ.

ಮೆಟ್ಟಿಲ ಮೇಲಿನ ಮಾತುಗಳು ಸುಮ್ಮನೆ ಹೋಗಿಲ್ಲ. ಹುದ್ದೆಗಳ ವಿಷಯವನ್ನು ಸಮಿತಿಯೊಂದು ಕೇಳಿಸಿಕೊಳ್ಳಲು ಒಪ್ಪಿದೆ. ಗೇಟು ಕಾಯುವವರೇ ಬಂದು ಹೇಳಲಿ ಎಂದಿದೆ. ಹುಲ್ಲಕ್ಕ ಎರಡು ದಿನ ಮೊದಲೇ ಹೊರಟು ಗುಡ್ಡಕ್ಕೆ ಹೋಗಿ ಬೇಲಿ ಮಾಮನನ್ನು ಕರೆತರುತ್ತಾರೆ. ಬಸ್ಸಿನ ದಾರಿಯುದ್ದಕ್ಕೂ ಪಾಠ. ಒಬ್ಬನೇ ಮೂರು ಗೇಟು ನೋಡೋಕಾಗಲ್ಲ ಅಂತ ಹೇಳಿ ಮಾಮ, ಮುರಿದ ಬೇಲಿಯ ವಿಷಯ ಹೇಳಿ, ನೀರಿನ ತೊಟ್ಟಿ ಬಿರುಕು ಬಿಟ್ಟದ್ದು ಹೇಳಿ. ಮಾಮ ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಆದರೆ ಕಣ್ಣು ಕಿಟಕಿಯ ಆಚೆಗೇ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಅಧ್ಯಕ್ಷೆ ವಯಸ್ಸಾದವರು, ಮೃದು ಮಾತಿನವರು. ಅಲ್ಲಿ ಏನಾದರೂ ತೊಂದರೆ ಇದೆಯೇ ಎಂದು ಬೇಲಿ ಮಾಮನನ್ನು ಕೇಳುತ್ತಾರೆ. ಮಾಮ ಎದ್ದು ನಿಂತು, ಅಂಗಿಯ ಮೇಲಿನ ಗುಂಡಿ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡು, ಇಡೀ ಸೇವೆಯಲ್ಲಿ ಮೇಲಿನವರು ಕೇಳಿದಾಗಲೆಲ್ಲ ಕೊಟ್ಟ ಉತ್ತರವನ್ನೇ ಕೊಡುತ್ತಾರೆ.

"ಏನೂ ತೊಂದ್ರೆ ಇಲ್ಲ ತಾಯಿ. ಎಲ್ಲಾ ಚೆನ್ನಾಗಿದೆ."

ಒಬ್ಬ ಸದಸ್ಯರು ಪೆನ್ನಿನ ಮುಚ್ಚಳ ಹಾಕುತ್ತಾರೆ. ಹುಲ್ಲಕ್ಕ ಅದನ್ನು ನೋಡುತ್ತಾರೆ. ಆದರೆ ಮಾಮನ ಮೇಲೆ ಅವರಿಗೆ ಸಿಟ್ಟು ಬರುವುದಿಲ್ಲ. ತೊಂದರೆ ಇದೆ ಎಂದರೆ ತನ್ನ ಕೆಲಸ ತಾನು ಮಾಡಿಲ್ಲ ಎಂದು ಒಪ್ಪಿಕೊಂಡಂತೆ, ಹಾಗೆಂದು ನಂಬಿಕೊಂಡ ಜೀವ ಅದು. ಗೇಟು ಕಾದವರೆಲ್ಲ ಮೇಲಿನವರಿಗೆ ಇದನ್ನೇ ಹೇಳುತ್ತ ಬಂದದ್ದು. ಹಾಗಾಗಿಯೇ ಹುದ್ದೆಗಳು ಒಂದೊಂದಾಗಿ ಖಾಲಿಯಾದರೂ ಮೇಲೆ ಕೂತವರಿಗೆ ಅದು ದೊಡ್ಡದಾಗಿ ಕಂಡಿರಲಿಲ್ಲ. ಹುಲ್ಲಕ್ಕ ಅಪ್ಪಣೆ ಕೇಳಿ, ಮಾಮನ ಕಡೆ ತಿರುಗಿ, ಮನೆಯಲ್ಲಿ ಮಾತಾಡುವ ಹಾಗೆಯೇ ಕೇಳುತ್ತಾರೆ.

"ಮಾಮ, ಇವತ್ತು ನೀವು ಇಲ್ಲಿದೀರಿ. ಅಲ್ಲಿ ಗೇಟು ಯಾರು ನೋಡ್ತಿದಾರೆ?"

ಮಾಮನ ಮುಖದ ಬಣ್ಣ ಇಳಿಯುತ್ತದೆ. ಅವರು ಕೈ ಮುಗಿದು ಅಧ್ಯಕ್ಷೆಯ ಕಡೆ ನೋಡುತ್ತಾರೆ. "ಯಾರೂ ಇಲ್ಲ ತಾಯಿ. ಸೆಖೆ ಏರಿದ ಮೇಲೆ ಮೇಲಿನ ಮಂದೆ ನೀರಿಗೆ ಇಳಿಯುತ್ತೆ. ಅದರ ದಾರಿ, ಈ ವರ್ಷ ಮುಚ್ಚಿದ ಪಾಲಿನ ಪಕ್ಕದಲ್ಲೇ ಇದೆ. ನಾನು ನಿಂತಿದ್ರೆ ಆ ಕಡೆಯಿಂದ ಸುತ್ತಿಸಿ ಕಳಿಸ್ತೀನಿ. ಇಲ್ಲ ಅಂದ್ರೆ ಕುರಿಗೇನು ಗೊತ್ತು, ಹಸಿರು ಕಂಡ್ರೆ ನುಗ್ಗುತ್ತೆ. ನನ್ನನ್ನ ಬೇಗ ಕಳಿಸ್ಕೊಟ್ರೆ ಮುಂದಿನ ಬಸ್ಸಾದ್ರೂ ಸಿಗುತ್ತೆ."

ಪೆನ್ನಿನ ಮುಚ್ಚಳ ಹಾಕಿದವರು ಅದನ್ನು ಮತ್ತೆ ತೆಗೆಯುತ್ತಾರೆ. ಅಧ್ಯಕ್ಷೆ, ನಿವೃತ್ತಿಯಾದ ಮೇಲೆ ಏನು ಮಾಡುವಿರಿ ಎಂದು ಕೇಳುತ್ತಾರೆ. "ಅದನ್ನ ಯೋಚ್ನೆ ಮಾಡಿಲ್ಲ ತಾಯಿ. ಮಾಡಿದ್ರೆ ನಿದ್ದೆ ಬರಲ್ಲ" ಎನ್ನುತ್ತಾರೆ ಮಾಮ. ಇನ್ನೊಬ್ಬ ಸದಸ್ಯರು ಒಂದು ಕಷ್ಟದ ಪ್ರಶ್ನೆ ಎತ್ತುತ್ತಾರೆ. ಆಸ್ಪತ್ರೆಯಲ್ಲಿ ಹಾಸಿಗೆಗಳೇ ಸಾಲದಿರುವಾಗ ಹುಲ್ಲಿಗೆ ಕಾವಲೆಂದರೆ ಜನ ಏನೆಂದಾರು? ಪ್ರಶ್ನೆ ನ್ಯಾಯವಾದದ್ದೇ ಎಂದು ಹುಲ್ಲಕ್ಕ ಒಪ್ಪುತ್ತಾರೆ. "ಆಸ್ಪತ್ರೆಗೆ ಮೊದಲು ಕೊಡಿ ಸಾರ್. ಆದ್ರೆ ಆಸ್ಪತ್ರೆ ನಲ್ಲಿಗೆ ನೀರು ಬರೋದು ಆ ಗುಡ್ಡದಿಂದಲೇ. ಹುಲ್ಲು ಹೋದ ಮೇಲೆ ಅದನ್ನ ಯಾವ ಇಲಾಖೆ ಹತ್ರ ಕೇಳೋಣ?"

ಮಾಮ ಮುಂದಿನ ಬಸ್ಸಿಗೇ ಹೊರಟುಬಿಡುತ್ತಾರೆ. ಊಟಕ್ಕೂ ನಿಲ್ಲುವುದಿಲ್ಲ.

ತೀರ್ಮಾನ ಬರಲು ಹಲವು ದಿನ ಹಿಡಿಯುತ್ತದೆ. ಹುಲ್ಲಕ್ಕನ ಮೆಟ್ಟಿಲ ಕೆಲಸ ಆ ದಿನಗಳಲ್ಲೂ ನಿಲ್ಲುವುದಿಲ್ಲ. ಕೊನೆಗೆ ಸುದ್ದಿ ಹೇಳುವವರು ಮೂರನೆಯ ಮಹಡಿಯ ಅಧಿಕಾರಿಯೇ, ಅದೂ ಮೆಟ್ಟಿಲಿಳಿಯುತ್ತ. ಎರಡು ಹುದ್ದೆಗೆ ಒಪ್ಪಿಗೆಯಾಗಿದೆ, ಬೇಲಿಗೂ ನೀರಿನ ತೊಟ್ಟಿಗೂ ಹಣ ಸಿಕ್ಕಿದೆ, ಮೂರನೆಯ ಹುದ್ದೆ ಇನ್ನೂ ಪರಿಶೀಲನೆಯಲ್ಲಿದೆ. ಹುಲ್ಲಕ್ಕ ಹಿಡಿಕಂಬಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಾರೆ. ದೇವರನ್ನು ನೆನೆದರಂತೆ. ಆಮೇಲೆ ಅದೇ ಉಸಿರಿನಲ್ಲಿ ಮೂರನೆಯ ಹುದ್ದೆಯ ಮಾತು ಎತ್ತಿದರಂತೆ. "ಅಮ್ಮಾ, ಇವತ್ತೊಂದು ದಿನ ಬಿಡಿ" ಎಂದು ಅಧಿಕಾರಿ ಕೈಮುಗಿದರಂತೆ.

ಈ ಕೆಲಸಕ್ಕೆ ಹಿಂದೆಯೇ ಆಯ್ಕೆಯಾಗಿ ನೇಮಕದ ಆದೇಶಕ್ಕೆ ಕಾದು ಕೂತಿದ್ದ ಇಬ್ಬರಲ್ಲಿ ಮೊದಲು ಬಂದವಳು ಒಬ್ಬ ತರುಣಿ. ಸಮವಸ್ತ್ರದ ತೋಳು ಉದ್ದ, ಎರಡು ಮಡಿಕೆ ಮಡಚಿಕೊಂಡಿದ್ದಾಳೆ. ಬೇಲಿ ಮಾಮನ ಸೇವೆಯ ಉಳಿದ ದಿನಗಳು ಅವಳಿಗೆ ಕಲಿಸುವುದರಲ್ಲೇ ಹೋಗುತ್ತವೆ. ಮಂದೆ ಎದುರಾದರೆ ಮೊದಲು ಗೇಟಿನ ಮಾತು ಎತ್ತಬಾರದು. ಮರಿಗಳು ಹೇಗಿವೆ, ಯಾವ ಕುರಿ ಕುಂಟುತ್ತಿದೆ, ಅದನ್ನು ಕೇಳಬೇಕು. ಮಾತು ಮುಗಿಯುವ ಹೊತ್ತಿಗೆ ಕುರಿಗಾರ ತಾನಾಗಿಯೇ ಮಂದೆಯನ್ನು ಆಚೆ ತಿರುಗಿಸಿರುತ್ತಾನೆ. ಹುಲ್ಲಕ್ಕ ತಮ್ಮ ಪಾಲಿನ ಪಾಠವನ್ನೂ ಸೇರಿಸಿದ್ದಾರೆ. ಮೇಲಿನವರು ಕೇಳಿದಾಗ ಚೆನ್ನಾಗಿದೆ ಎನ್ನು, ಚೆನ್ನಾಗಿರಲು ನೀನು ಏನೇನು ಮಾಡಿದೆ ಎಂಬುದನ್ನೂ ಹೇಳು, ನಾಚಿಕೊಳ್ಳಬೇಡ. ಮಾಮ ಇದನ್ನು ಕೇಳಿಸಿಕೊಂಡು, "ನಮ್ಮ ಕಾಲದಲ್ಲಿ ಇದಕ್ಕೆ ಜಂಬ ಅಂತಿದ್ರು" ಎಂದು ಗೊಣಗಿದರೂ ಅವರ ಮುಖ ಹಗುರಾಗಿದೆ.

ಈಗ ಆ ಗುಡ್ಡಗಳ ಮೇಲೆ ಹುಲ್ಲು ಹೂಬಿಡುವ ಕಾಲ. ಹುಲ್ಲಿಗೂ ಹೂವುಂಟೇ ಎಂದು ನಗರದವರು ಕೇಳಬಹುದು. ಉಂಟು, ನೇರಳೆ ಬಣ್ಣದ ಹೊಗೆಯಂಥ ಹೂವು. ನಾಲ್ಕು ದಿನ ನಿಂತು ಉದುರಿಹೋಗುತ್ತದೆ. ಬಜೆಟ್ಟಿನ ಅಧಿವೇಶನ ಬೀಳುವುದು ಸರಿಯಾಗಿ ಅದೇ ದಿನಗಳಲ್ಲಿ. ಹಾಗಾಗಿ ಈ ಉದ್ಯೋಗಕ್ಕೆ ಬಂದ ಮೇಲೆ ಹುಲ್ಲಕ್ಕ ಹುಲ್ಲಿನ ಹೂವನ್ನು ಒಮ್ಮೆಯೂ ನೋಡಿಲ್ಲ. ಈ ವರ್ಷ ಬಂದು ನೋಡಿ ಹೋಗೆಂದು ಮಾಮ ಹೇಳಿ ಕಳಿಸಿದ್ದಾರೆ. ಮೂರನೆಯ ಗೇಟಿನ ಕೆಲಸ ಬಾಕಿಯಿದೆ, ಹೋಗುವ ಹಾಗಿಲ್ಲ.

ಬೇಸರವಿಲ್ಲವೇ ಎಂದು ಕೇಳಿದರೆ ಹುಲ್ಲಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಆ ಹುಡುಗಿಗೆ ಹೇಳಿದೀನಿ, ಹೂ ಬಿಟ್ಟ ದಿನ ಒಂದು ಫೋನ್ ಮಾಡವ್ವ ಅಂತ. ಫೋಟೋ ಏನೂ ಬೇಡ. ಹುಲ್ಲಿನ ಮಧ್ಯೆ ನಿಂತ್ಕೊಂಡು ಫೋನನ್ನ ಗಾಳಿಗೆ ಹಿಡಿದ್ರೆ ಸಾಕು. ನಾನು ಅಪ್ಪನ ಜೊತೆ ಕೇಳಿದ ಸದ್ದು ಅದು. ಇಲ್ಲಿಂದಲೇ ಕೇಳಿಸ್ಕೋತೀನಿ."