ಅವ್ವನ ಕೈ ಮೆತ್ತಗಾದದ್ದು

ಮದುವೆಯಾದ ಮೇಲೆ ನಾನು ಕಲಬುರಗಿಯ ಸ್ಟೇಶನ್ ಬಜಾರಿನ ಒಂದು ಔಷಧಿ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಚಳಿ ಶುರುವಾದರೆ ಸಾಕು, ಕಾಲೇಜು ಹುಡುಗಿಯರು ಮಾಯಿಶ್ಚರೈಸರ್ ಕೇಳಿಕೊಂಡು ಬರುತ್ತಿದ್ದರು. ಕಪಾಟಿನಿಂದ ತೆಗೆದು ಕೊಡುತ್ತಿದ್ದೆ. ಅದು ಮುಖದ ಚೆಂದಕ್ಕೆ ಹಚ್ಚುವ ವಸ್ತು, ಪುರುಸೊತ್ತು ಇದ್ದವರ ಸಾಮಾನು ಎಂದೇ ನನ್ನ ತಿಳಿವಳಿಕೆ. ನನ್ನ ಮಗಳು ಹುಟ್ಟಿದ ವರ್ಷ ಅದು ಬದಲಾಯಿತು.

ಹೆರಿಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಆಯಿತು. ನಾಲ್ಕನೆಯ ದಿನ ಕೂಸಿನೊಂದಿಗೆ ಕಮಲಾಪುರದ ತವರುಮನೆಗೆ ಬಂದೆ. ದೀಪಾವಳಿ ಮುಗಿದು ಬೆಳಗಿನ ಗಾಳಿ ಒಣಗತೊಡಗಿದ್ದ ದಿನಗಳು. ಅಪ್ಪ ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣು ಮಾರುತ್ತಾನೆ. ಅವ್ವ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಇನ್ನೂರು ಮಕ್ಕಳಿಗೆ ಅನ್ನ, ಸಾರು ಮಾಡಿ ಬಡಿಸಿದ ಮೇಲೆ, ಆಳೆತ್ತರದ ಪಾತ್ರೆಗಳನ್ನೆಲ್ಲ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆಯುವುದೂ ಅವಳ ಪಾಲಿನ ಕೆಲಸ. ನನ್ನ ಬಾಣಂತನಕ್ಕೆಂದು ಬೇರೊಬ್ಬಳನ್ನು ಬದಲಿಗೆ ಒಪ್ಪಿಸಿ ಒಂದು ತಿಂಗಳು ರಜೆ ಹಾಕಿದ್ದಳು.

ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವುದರಲ್ಲಿ ಅವ್ವನನ್ನು ಮೀರಿಸುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ಮಣೆಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡಳೆಂದರೆ ಎಂಥ ಹಟಮಾರಿ ಕೂಸೂ ಅರ್ಧ ಗಳಿಗೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಅಕ್ಕಪಕ್ಕದ ಮನೆಯವರು ತಮ್ಮ ಮೊಮ್ಮಕ್ಕಳನ್ನು ತಂದು ಅವಳ ಕಾಲ ಮೇಲೆ ಹಾಕಿದ್ದನ್ನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಹಾಗಾಗಿ ನನ್ನ ಮಗಳಿಗೆ ನೀರು ಹಾಕಲು ಅವ್ವ ಎದುರು ಮನೆಯ ಕಾಕಿಯನ್ನು ಕರೆದಾಗ ನನಗೆ ವಿಚಿತ್ರವೆನಿಸಿತು. ಪ್ರಯಾಣದ ದಣಿವಿರಬೇಕು ಎಂದುಕೊಂಡೆ. ಮರುದಿನವೂ ಕಾಕಿಯೇ ಬಂದಳು. ಅದರ ಮರುದಿನವೂ.

ಅವ್ವ ಉಳಿದೆಲ್ಲ ಮಾಡುತ್ತಿದ್ದಳು. ನಸುಕಿನಲ್ಲೆದ್ದು ನೀರು ಕಾಯಿಸುವಳು, ನನಗೆ ಅಂಟಿನ ಉಂಡಿ ಕಟ್ಟುವಳು, ಕೂಸಿನ ಬಟ್ಟೆ ಒಗೆದು ಬಿಸಿಲಿಗೆ ಹಾಕುವಳು. ಆದರೆ ಕೂಸನ್ನು ಎತ್ತಿಕೊಳ್ಳುವಾಗ ಮೊದಲು ಸೆರಗನ್ನು ಎರಡೂ ಕೈಗೆ ಸುತ್ತಿಕೊಳ್ಳುವಳು. ಕೆನ್ನೆ ಮುಟ್ಟಲಿಲ್ಲ, ತಲೆ ಸವರಲಿಲ್ಲ. ಹಾಸಿಗೆಯಲ್ಲಿ ಮಲಗಿ ಅದನ್ನೇ ನೋಡುತ್ತಿದ್ದ ನನ್ನ ತಲೆಯಲ್ಲಿ ಇಲ್ಲದ ವಿಚಾರಗಳು ಹುಟ್ಟಿದವು. ಹೆಣ್ಣಾಯಿತೆಂದು ಬೇಸರವೇ? ಅವ್ವ ಅಂಥವಳಲ್ಲ ಎಂದು ಗೊತ್ತಿದ್ದರೂ ಬಾಣಂತಿಯ ಮನಸ್ಸು ಕೇಳಬೇಕಲ್ಲ.

ಹತ್ತನೆಯ ದಿನ ಕಾಕಿ ಹೋದ ಮೇಲೆ ಕೇಳಿಯೇಬಿಟ್ಟೆ.

"ಯವ್ವಾ, ಊರಿನ ಕೂಸಿಗೆಲ್ಲ ನೀರ ಎರಿತಿದ್ದಿ. ನನ್ನ ಮಗಳಿಗಿ ಮಾತ್ರ ಯಾಕ ಮುಟ್ಟವಲ್ಲಿ? ಹೆಣ್ಣ ಹುಟ್ಯಾದ ಅಂತೇನು?"

ಅವ್ವ ಕೈಯಲ್ಲಿದ್ದ ಚೆರಿಗೆಯನ್ನು ಕೆಳಗಿಟ್ಟಳು. "ಏನ ಮಾತಾಡ್ತಿ" ಎಂದಳು ಸಣ್ಣ ದನಿಯಲ್ಲಿ. ಬಂದು ನನ್ನ ಪಕ್ಕ ಕೂತು, ಎರಡೂ ಅಂಗೈ ಬಿಡಿಸಿ ನನ್ನ ಮುಂದೆ ಹಿಡಿದಳು.

ಅವಳ ಕೈಗಳನ್ನು ನಾನು ಅಷ್ಟು ಹತ್ತಿರದಿಂದ ನೋಡದೆ ಎಷ್ಟು ವರ್ಷವಾಗಿತ್ತೋ. ಹೆಬ್ಬೆರಳ ಬುಡದಲ್ಲಿ ಕೆಂಪಗೆ ಸೀಳಿತ್ತು. ಬೆರಳ ತುದಿಗಳೆಲ್ಲ ಬಿರಿದು, ಬಿರಿದ ಅಂಚುಗಳು ಒಣಗಿ ಗಟ್ಟಿಯಾಗಿ ನಿಂತಿದ್ದವು. ಸೀಳಿನಲ್ಲಿ ಬೆಳ್ಳಗೆ ಏನೋ ತುಂಬಿತ್ತು.

"ದವಾಖಾನಿಯೊಳಗ ಮೊದಲನೇ ದಿನ ಇದರ ಬೆನ್ನ ಮ್ಯಾಲ ಕೈ ಆಡಿಸಿದ್ದೆ. ಗೀರಿ ಕೆಂಪಗ ಗೆರಿ ಬಿತ್ತು. ಚೀರಿ ಅಳ್ತು. ನೀ ಮಲಗಿದ್ದಿ. ಅವತ್ತೇ ಅನ್ಕೊಂಡೆ, ಈ ಕೈಲೆ ಮುಟ್ಟಂಗಿಲ್ಲ ಅಂತ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಏನ ಮಾಡ್ತಿದ್ದಿ? ದುಡಿಯೋ ಕೈ ಹಿಂಗ ಇರ್ತಾವ."

ನಾನು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅನುಮಾನ ಪಟ್ಟಿದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಿನ ನಾಚಿಕೆ, ಆರು ವರ್ಷ ಊರಿಗೆಲ್ಲ ಮಾಯಿಶ್ಚರೈಸರ್ ಕೊಟ್ಟವಳು ಒಂದು ಡಬ್ಬಿಯನ್ನೂ ಅವ್ವನಿಗೆ ತಂದಿರಲಿಲ್ಲವಲ್ಲ ಎಂದು.

ಡಾಕ್ಟರ ಹತ್ತಿರ ಹೋಗೋಣವೆಂದರೆ ಅವಳು ಒಪ್ಪುವ ಪೈಕಿಯವಳಲ್ಲ. ಆದರೆ ಮುಂದಿನ ವಾರ ನನ್ನ ತಪಾಸಣೆ ಇತ್ತು, ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ. ಕೂಸನ್ನು ಕಾಕಿಯ ಹತ್ತಿರ ಬಿಡಲು ಆಗದು, ಜೊತೆಗೆ ಬಾ ಎಂದು ಅವ್ವನನ್ನು ಕರೆದುಕೊಂಡು ಹೋದೆ. ನನ್ನ ಕೆಲಸ ಮುಗಿದದ್ದೇ ಮೇಲಿನ ಮಹಡಿಯ ಚರ್ಮದ ಡಾಕ್ಟರ ಬಾಗಿಲ ಮುಂದಿನ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ಅಲ್ಲಿ ಬರೆಸಿದ್ದು ತನ್ನ ಹೆಸರು ಎಂದು ಅವಳಿಗೆ ತಿಳಿದದ್ದು ಒಳಗಿಂದ ಕೂಗಿದಾಗಲೇ.

ಡಾಕ್ಟರು ನನ್ನ ವಯಸ್ಸಿನ ಹೆಂಗಸು. ದಿನವೂ ಪುಡಿ ಹಾಕಿ ಪಾತ್ರೆ ತಿಕ್ಕುತ್ತಾಳೆಂದು ನಾನು ಹೇಳಿದ ಮೇಲೆ, ಅವ್ವನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಅವ್ವಾರ, ಇದಕ್ಕ ಏನ ಹಚ್ತೀರಿ?"

"ನೆನಪಾದ್ರ ಕೊಬ್ರಿ ಎಣ್ಣಿ ರೀ. ಭಾಳ ಉರದ್ರ ಮೇಣಬತ್ತಿ ಕರಗಿಸಿ ಸೀಳಿನಾಗ ಬಿಡ್ತೀನ್ರೀ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬಿಸಿ ಮೇಣ?"

"ಹೂಂ ರೀ. ಒಂದ ಸಲ ಚುರ್ ಅಂತದ, ಆಮ್ಯಾಲ ಮುಚ್ಚಿಕೋತದ."

ಅವರು ಬೈಯಲಿಲ್ಲ. ಮೇಜಿನ ಮೇಲಿನ ನೀರಿನ ಬಾಟಲಿಯನ್ನು ಮುಂದೆ ಎಳೆದು ಅದರ ಮುಚ್ಚಳ ತೋರಿಸಿದರು. "ಚರ್ಮದಾಗ ತನ್ನದೇ ಎಣ್ಣಿ ಇರ್ತದ್ರೀ. ಒಳಗಿನ ನೀರಿಗಿ ಅದೇ ಮುಚ್ಚಳ. ನೀವು ದಿನಾ ಪುಡಿ ಹಾಕಿ ತಿಕ್ಕಿ, ಭಾಂಡ್ಯಾದ ಜಿಡ್ಡಿನ ಜೋಡಿ ಅದನ್ನೂ ತೊಳೆದು ಬಿಡ್ತೀರಿ. ನೀರು ಆರಿ ಹೋಗ್ತದ, ಚರ್ಮ ಬಿರೀತದ. ಮಾಯಿಶ್ಚರೈಸರ್ ಅಂದ್ರ ಮತ್ತ ಮುಚ್ಚಳ ಹಾಕಿದಂಗ. ಕೈ ಪೂರಾ ಒಣಗೋತನಕ ಕಾಯಬ್ಯಾಡ್ರೀ, ಇನ್ನಾ ಹಸಿ ಇರೂವಾಗಲೇ ಹಚ್ಕೋರಿ."

ಅವ್ವನಿಗೆ ಬೇರೆಯೇ ಚಿಂತೆ. "ನಾ ಸಾಲ್ಯಾಗ ಅಡಗಿ ಮಾಡ್ತೀನ್ರೀ. ಅನ್ನಕ್ಕ ಇದರ ವಾಸನಿ ಹತ್ತಿದ್ರ ಹುಡುಗರು ಉಣ್ಣಂಗಿಲ್ಲ."

"ವಾಸನಿ ಇಲ್ಲದ್ದೇ ಬರೀತೀನಿ. ಅಡಗಿಗಿ ಮುಂಚೆ ಕೈ ತೊಳ್ಕೋರಿ, ಕೆಲಸ ಆದ ಕೂಡ್ಲೆ ಮತ್ತ ಹಚ್ಕೋರಿ. ಭಾಂಡೆ ತಿಕ್ಕುವಾಗ ರಬ್ಬರ್ ಗ್ಲೌಸ್ ಹಾಕ್ಕೋರಿ."

ಸೀಳು ಮಾಯಲು ಹತ್ತು ದಿನಕ್ಕೆ ಒಂದು ಮುಲಾಮನ್ನೂ ಬರೆದುಕೊಟ್ಟರು. ಬಸ್ಸಿನಲ್ಲಿ ಅವ್ವ ನನ್ನನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತಳು. ಮೋಸ ಮಾಡಿ ಕರೆದೊಯ್ದ ಸಿಟ್ಟು. ಮನೆ ಮುಟ್ಟಿದ ಮೇಲೆ ಮಾತ್ರ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, "ಖರೇನೇ ವಾಸನಿ ಇಲ್ಲ" ಎಂದಳು.

ಮೊದಲ ನಾಲ್ಕು ದಿನ ನಾನೇ ಹಿಂದೆ ಬಿದ್ದು ಹಚ್ಚಿಸಿದೆ. ಹಚ್ಚಿದ ಮೇಲೆ ಏನು ಮುಟ್ಟಿದರೂ ಜಾರುತ್ತದೆ ಎಂದು ಗೊಣಗುತ್ತ, ಎರಡೂ ಕೈ ಮೇಲೆತ್ತಿ ಶರಣಾದವಳಂತೆ ಕೂತಿರುತ್ತಿದ್ದಳು. ಆಮೇಲೆ ತಾನಾಗಿಯೇ ಹಚ್ಚಿಕೊಳ್ಳತೊಡಗಿದಳು. ಉರಿ ಮೊದಲು ಹೋಯಿತು. ಆಮೇಲೆ ಸೀಳುಗಳು ಕೂಡಿದವು. ರಜೆ ಮುಗಿದು ಶಾಲೆಗೆ ಹೋಗತೊಡಗಿದ ಮೇಲೂ ಬಿಡಲಿಲ್ಲ. ಗ್ಲೌಸ್ ನೋಡಿ ಹುಡುಗರು "ಅಡಗಿ ಅಜ್ಜಿ ಡಾಕ್ಟರ್ ಆಗ್ಯಾಳ" ಎಂದರಂತೆ.

ಕೂಸಿಗೆ ಒಂದೂವರೆ ತಿಂಗಳಾಗುವ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಅವ್ವ ಟ್ರಂಕಿನಿಂದ ತನ್ನ ರೇಷ್ಮೆ ಸೀರೆ ತೆಗೆದಳು. ಎಲ್ಲಿಗೆ ಹೊರಟಳೋ ಎಂದು ನೋಡುತ್ತಿದ್ದೆ. ಉಡಲಿಲ್ಲ. ಮಡಿಕೆಯ ಮೇಲೆ ಅಂಗೈಯನ್ನು ಮೆಲ್ಲಗೆ ಎಳೆದಳು. ಒಂದು ಎಳೆಯೂ ಸಿಕ್ಕಿಕೊಳ್ಳಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ಆ ಕೈಯನ್ನು ತಂದು ನನ್ನ ಕೆನ್ನೆಗೆ ಒತ್ತಿದಳು.

"ಗೀರ್ತದೇನು ನೋಡು."

"ಇಲ್ಲಬೇ."

"ಹಂಗಾರ ಕಾಕಿಗಿ ಇವತ್ತ ಬರಬ್ಯಾಡ ಅಂತ ಹೇಳು."

ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿದಳು. ಕೂಸನ್ನು ಬರಿಗೈಯಿಂದ ಎತ್ತಿ ಮಲಗಿಸಿಕೊಂಡಳು. ಎಣ್ಣೆ ಹಚ್ಚಿದ ಕೈ ಹೆಗಲಿನಿಂದ ಬೆರಳ ತನಕ, ಎದೆಯಿಂದ ಹೊಟ್ಟೆಯ ತನಕ ಇಳಿಯಿತು. ಕೂಸು ಮೊದಲು ಮುಖ ಕಿವುಚಿತು. ಅಳುತ್ತದೆ ಎಂದು ಅವ್ವ ಕೈ ತಡೆದಳು. ಅದು ಆಕಳಿಸಿತು, ಅಷ್ಟೇ. ಅವ್ವ ನನ್ನ ಕಡೆ ನೋಡದೆ ಎಣ್ಣೆ ತಿಕ್ಕುತ್ತಲೇ ಇದ್ದಳು, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಕಾಕಿಗೆ ಸಿಟ್ಟು ಬರಲಿಲ್ಲ. ಎರಡು ದಿನದ ಮೇಲೆ ಬಂದು, ಆ ಡಬ್ಬಿ ತನಗೂ ಒಂದು ತರಿಸಿಕೊಡು ಎಂದಳು. ಅಪ್ಪ ಕೇಳಲಿಲ್ಲ, ಕದ್ದ. ಡಬ್ಬಿ ಬೇಗ ಯಾಕೆ ಮುಗಿಯುತ್ತದೆಂದು ಅವ್ವ ಲೆಕ್ಕ ಹಾಕುತ್ತಿರುವಾಗ, ಚಪ್ಪಲಿ ಬಿಟ್ಟು ಒಳಗೆ ಬಂದ ಅಪ್ಪನ ಹಿಮ್ಮಡಿ ಬಿರುಕಿಲ್ಲದೆ ನುಣ್ಣಗೆ ಹೊಳೆಯುತ್ತಿತ್ತು.

"ನಿಮ್ಮ ಕಾಲಿಗಿ ಯಾವ ಕೂಸು ಕಾಯಾಕತ್ಯಾದ?" ಎಂದು ಅವ್ವ ಕೇಳಿದಳು.

"ದಿನಾ ನಿಂತು ಮಾರೋ ಕಾಲು ನನ್ನವು" ಎಂದ ಅಪ್ಪ. ಅಂದಿನಿಂದ ಮನೆಗೆ ಎರಡು ಡಬ್ಬಿ ಬರತೊಡಗಿದವು.

ಮಗಳಿಗೆ ಈಗ ಮೂರು ತುಂಬಿದೆ. ಹೋದ ತಿಂಗಳು ಕಮಲಾಪುರಕ್ಕೆ ಹೋದಾಗ, ನಾವು ಊಟಕ್ಕೆ ಕೂತ ಹೊತ್ತಿನಲ್ಲಿ ಹೊಸ ಡಬ್ಬಿಯೊಂದನ್ನು ತೆಗೆದು ಅಜ್ಜಿಯ ಟ್ರಂಕಿಗೆ, ಬಾಗಿಲಿಗೆ, ಗೋಡೆಗೆ ಕೈಗೆಟುಕುವ ತನಕ ಬಳಿದಿದ್ದಳು. ನಾನು ಗದರಿಸಲು ಎದ್ದೆ. ಅವ್ವ ನನ್ನನ್ನು ತಡೆದು, ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು ಕೇಳಿದಳು.

"ಗ್ವಾಡಿಗಿ ಯಾಕ ಹಚ್ಚೀದಿ?"

"ಬಿರಿದದ" ಎಂದಳು ಮಗಳು, ಗೋಡೆಯ ಬಿರುಕು ತೋರಿಸಿ.