ಒಂದಿಂಚು ಜಾಸ್ತಿ ನಿಂತ ಜೀಪು

"ಎರಡು ತಿಂಗಳು ಬಂದು ಕೈ ಜೋಡಿಸು, ಆಮೇಲೆ ನಿನ್ನ ದಾರಿ ನಿನಗೆ" ಅಂತ ಅಣ್ಣ ಹೇಳಿ ಮೂವತ್ತೊಂದು ವರ್ಷವಾಯಿತು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ತಮ್ಮನ ತಲೆಕೂದಲು ಅರ್ಧ ಉದುರಿತ್ತು, ಉಳಿದರ್ಧ ಬೆಳ್ಳಗಾಗಿತ್ತು, ಸ್ವಂತ ಹೆಸರು ಯಾರಿಗೂ ಬೇಡವಾಗಿತ್ತು. ಊರಿಗೆಲ್ಲ ಅವನು ರಬ್ಬರಣ್ಣ.

ಹೆಸರು ಸುಮ್ಮನೆ ಬಂದದ್ದಲ್ಲ. ಬೆಟ್ಟದ ದಾರಿ ಹತ್ತುವ ಜೀಪುಗಳನ್ನು ಎತ್ತರ ಮಾಡಿಕೊಡುವುದು ಅಣ್ಣನ ಶೆಡ್ಡಿನ ಕಸುಬು. ಬಂದವರೆಲ್ಲ ಕೇಳುವುದು ಉದ್ದನೆಯ ಸ್ಪ್ರಿಂಗು, ಮಿರಮಿರ ಮಿಂಚುವ ಶಾಕ್ ಅಬ್ಸಾರ್ಬರು. ಇವನು ಕೇಳುವುದು ಒಂದೇ: "ರಬ್ಬರ್ ಯಾವ್ದು ಹಾಕ್ಸ್ತೀರಾ?" ಕಬ್ಬಿಣಕ್ಕೂ ಕಬ್ಬಿಣಕ್ಕೂ ಜಗಳ ಬಿಡಿಸೋದೇ ರಬ್ಬರು, ಅದು ಕೆಟ್ಟಿತೋ ಮಿಕ್ಕಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನೋದು ಅವನ ವೇದಾಂತ. ಕೇಳಿ ಕೇಳಿ ಗಿರಾಕಿಗಳ ಕಿವಿ ತೂತಾಗಿತ್ತು.

ಅವನಿಗೆ ಈ ವೇದಾಂತ ಹೇಳಿಕೊಟ್ಟ ಗುರು ಅಣ್ಣನೇ. ಮೊದಲನೇ ವಾರದಲ್ಲೇ ಬೆನ್ನಿಗೊಂದು ಗುದ್ದು ಕೊಟ್ಟು ಕಲಿಸಿದ್ದ. ಚಕ್ರ ಹಿಡಿದಿರುವ ಕಬ್ಬಿಣದ ಆರ್ಮುಗಳು ಗಾಡಿಯ ತಳದ ಚೌಕಟ್ಟಿಗೆ ಸೇರುವಲ್ಲಿ ಬುಷ್ ಅನ್ನೋ ರಬ್ಬರಿನ ಬಳೆ ಇರುತ್ತದೆ. ಗಾಡಿಯನ್ನು ಲಿಫ್ಟಿನ ಮೇಲೆ ನೇತಾಡಿಸಿಕೊಂಡು ಅದರ ಬೋಲ್ಟ್ ಬಿಗಿಯಬಾರದು. ಬಿಗಿದರೆ ಕೆಳಗಿಳಿಸಿದಾಗ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಒಂದು ದಿನ ಹರಿಯುತ್ತದೆ. ಹರಿದರೆ ಸ್ಟೇರಿಂಗ್ ಒಂದು ಕಡೆ ಅಂದರೆ ಚಕ್ರ ಇನ್ನೊಂದು ಕಡೆ. ಹಾಗಾಗಿ ಚಕ್ರ ನೆಲ ಮುಟ್ಟಬೇಕು, ಗಾಡಿಯ ಭಾರವೆಲ್ಲ ಬುಷ್ ಮೇಲೆ ಬೀಳಬೇಕು, ಆಮೇಲೆ ಮೇಸ್ತ್ರಿ ಅಡಿಗೆ ನುಸುಳಿ ಮಲಗಿಕೊಂಡು ಬಿಗಿಯಬೇಕು. ಹಾಗೆ ಬಿಗಿದ ಬೋಲ್ಟಿನ ತಲೆಗೆ ಒಂದು ಬಿಳಿ ಗೀಟು. ಆ ಶೆಡ್ಡಿನ ಬಿಳಿ ಗೀಟು ಅಂದರೆ ಬೆಟ್ಟದ ಮೇಲಿನವರಿಗೆಲ್ಲ ನಂಬಿಕೆ.

ಶೆಡ್ಡಿಗೆ ಕಿಟಕಿ ಇರಲಿಲ್ಲ. ಮೊದಲು ಒಂದಿತ್ತು, ಬೋಲ್ಟು ಬಿಗಿಯುವ ಪಾನಗಳನ್ನು ನೇತುಹಾಕೋಕೆ ಜಾಗ ಸಾಲದು ಅಂತ ಅಣ್ಣ ಇಟ್ಟಿಗೆ ಕಟ್ಟಿಸಿಬಿಟ್ಟ. ಹಗಲೂ ಟ್ಯೂಬ್‌ಲೈಟು. ಹೊರಗೆ ಬಿಸಿಲೋ ಮೋಡವೋ ಅಂತ ರಬ್ಬರಣ್ಣ ಗಿರಾಕಿಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದ.

ಬಿಟ್ಟು ಹೋಗೋಕೆ ನೋಡಲಿಲ್ಲ ಅಂತಲ್ಲ. ಮದುವೆಯಾದ ವರ್ಷ ಹೊರಟ, ಅತ್ತಿಗೆ ಹಾಸಿಗೆ ಹಿಡಿದಳು. ಮಗಳು ಶಾಲೆಗೆ ಸೇರುವಾಗ ಹೊರಟ, ಅತ್ತಿಗೆ ತೀರಿಕೊಂಡಳು. ಒಂಟಿಯಾದ ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಕೆಲಸಕ್ಕೆ ಬಂದ ನಾಲ್ಕು ಜನರೂ ಪಾನ ಬಿಸಾಕಿ ಹೋದರು. ಇಷ್ಟಾದರೂ ಅಣ್ಣ ಒಂದು ದಿನವೂ "ಹೋಗಬೇಡ" ಅಂದವನಲ್ಲ. ಅದೇ ತಮ್ಮನ ಸಂಕಟ. ಕಟ್ಟಿಹಾಕಿದ್ದರೆ ಹಗ್ಗವನ್ನಾದರೂ ಕಡಿಯಬಹುದಿತ್ತು. ಕಟ್ಟದೇ ಇರುವವನಿಂದ ಬಿಡಿಸಿಕೊಳ್ಳೋದು ಹೇಗೆ?

ಈ ಸಲ ಮಾತ್ರ ಗಟ್ಟಿಯಾಗಿತ್ತು. ಆರು ಗಂಟೆ ದೂರದ ಊರಿನಲ್ಲಿ ಕಸುಬು ಕಲಿಸುವ ಶಾಲೆಯೊಂದು ಅವನನ್ನು ಪಾಠ ಹೇಳೋಕೆ ಕರೆದಿತ್ತು. ಸೋಮವಾರ ಹಾಜರಾಗಬೇಕು. ತರಗತಿಯ ಫೋಟೋ ಕಳಿಸಿದ್ದರು. ಒಂದು ಗೋಡೆಯ ತುಂಬ ಕಿಟಕಿ. ಅದನ್ನವನು ಹೆಂಡತಿಗೆ ಮೂರು ಸಲ ತೋರಿಸಿದ. ಅವಳು ಪಾತ್ರೆಗಳನ್ನು ಹಳೇ ಸೀರೆಯಲ್ಲಿ ಸುತ್ತಿಡುತ್ತಾ ಅಂದಳು: "ಈ ಸಲ ಅಣ್ಣ ಅಂತ ಕರಗಿದ್ರೆ ನೋಡಿ, ನಾನೊಬ್ಳೇ ಬಸ್ ಹತ್ತಿಬಿಡ್ತೀನಿ."

ಅಣ್ಣನಿಗೆ ಹೇಳಿದಾಗ ಅವನು ಕೈಯೊರೆಸಿಕೊಂಡು, "ಹೋಗಪ್ಪ, ಯಾರು ಬೇಡ ಅಂದ್ರು? ನೀನು ಹುಟ್ಟೋಕೆ ಮುಂಚೆ ನಾನು ಪಾನ ಹಿಡಿದೋನು" ಅಂದ.

ಕೊನೆಯ ಕೆಲಸವಾಗಿ ಬಂದದ್ದು ದನದ ಡಾಕ್ಟರಮ್ಮನ ಜೀಪು. ಬೆಟ್ಟದ ಕೊಟ್ಟಿಗೆಗಳಿಗೆ ಕಲ್ಲು ದಾರಿಯಲ್ಲಿ ಒಬ್ಬಳೇ ಓಡಾಡುವವಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ನಾಲ್ಕು ಇಂಚು ಎತ್ತರ ಬೇಕು ಅಂದಳು. ಗಿರಾಕಿ ಕೇಳಿದ್ದು ಕೊಡೋಣ ಅಂತ ಅಣ್ಣ, ಎರಡಕ್ಕಿಂತ ಕೂಡದು ಅಂತ ತಮ್ಮ. ಎತ್ತು ಏರಿಗೆ, ಕೋಣ ನೀರಿಗೆ.

"ನಾಲ್ಕು ಏರಿಸಿದ್ರೆ ತಿರುವಲ್ಲಿ ಮಗುಚತ್ತೆ ಮೇಡಂ" ಅಂದ ರಬ್ಬರಣ್ಣ. "ಎರಡಿಂಚಿನ ಸ್ಪ್ರಿಂಗು, ಅದಕ್ಕೆ ತಕ್ಕ ಶಾಕು. ಇಂಜಿನ್ ಕೂರೋ ಮೌಂಟಿಂಗೂ ಬದಲಾಯಿಸಬೇಕು, ಹಳೇದು ಹಪ್ಪಳ ಆಗಿದೆ."

"ಗಟ್ಟಿ ಪ್ಲಾಸ್ಟಿಕ್ಕಿನ ಮೌಂಟಿಂಗ್ ಹಾಕೋಣ, ಜನ್ಮಕ್ಕೂ ಹರಿಯಲ್ಲ" ಅಂದ ಅಣ್ಣ.

"ಹರಿಯಲ್ಲ, ಸರಿ. ಇಂಜಿನ್ ನಡುಗೋದೆಲ್ಲ ಇವರ ಬೆನ್ನಿಗೆ ಬರತ್ತೆ. ದಿನಾ ಎಂಟು ಗಂಟೆ ಕೂರೋರು. ಒಳಗೆ ಕೊಂಡಿ ಇರೋ ರಬ್ಬರಿನದ್ದು ಹಾಕೋಣ. ರಬ್ಬರ್ ಹೋದ್ರೂ ಕೊಂಡಿ ಇಂಜಿನ್ನನ್ನ ಏಳೋಕೆ ಬಿಡಲ್ಲ."

ಡಾಕ್ಟರಮ್ಮ ನಕ್ಕಳು. "ದನಗಳಿಗೆ ನಾನು, ನನ್ನ ಬೆನ್ನಿಗೆ ನೀವು. ಹಾಗೇ ಮಾಡಿ."

ಬುಧವಾರ ರಬ್ಬರಣ್ಣ ಜೀಪನ್ನು ಅಣ್ಣನ ಕೈಗೆ ಬಿಟ್ಟು ಹೊಸ ಊರಿಗೆ ಹೋಗಿ ಮನೆ ನೋಡಿ, ಒಪ್ಪಿ, ಬೀಗದಕೈ ಇಸಕೊಂಡು ಜೇಬಿಗೆ ಹಾಕಿಕೊಂಡ. ಶುಕ್ರವಾರ ಮಧ್ಯಾಹ್ನ ಶೆಡ್ಡಿಗೆ ಬಂದರೆ ಜೀಪು ತೊಳೆದು ಸಿದ್ಧವಾಗಿ ನಿಂತಿದೆ. ಅಣ್ಣ ಸ್ಟೂಲಿನ ಮೇಲೆ ಕೂತಿದ್ದಾನೆ, ಮುಖದಲ್ಲಿ ಗೆದ್ದ ಕಳೆ.

"ನೋಡ್ಕೋ. ನೀನು ಹೇಳಿದ ರಬ್ಬರನ್ನೇ ಹಾಕಿದೀನಿ. ಒಬ್ನೇ ಮಾಡಿದ್ದು."

ಮೌಂಟಿಂಗು ಅಚ್ಚುಕಟ್ಟಾಗಿತ್ತು. ಬೋಲ್ಟುಗಳ ಮೇಲೆಲ್ಲ ಬಿಳಿ ಗೀಟು. ರಬ್ಬರಣ್ಣನ ಎದೆಯ ಮೇಲಿನ ಕಲ್ಲೇ ಇಳಿದ ಹಾಗಾಯಿತು. ಅಭ್ಯಾಸಬಲದಿಂದ ಟೇಪು ತೆಗೆದು ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆದ. ಜೀಪು ಲೆಕ್ಕಕ್ಕಿಂತ ಒಂದಿಂಚು ಜಾಸ್ತಿ ಎತ್ತರ ನಿಂತಿತ್ತು. ಇನ್ನೊಂದು ಕಡೆ ಅಳೆದ. ಅಲ್ಲೂ ಒಂದಿಂಚು.

ಸ್ಪ್ರಿಂಗು ಸರಿಯಾದದ್ದೇ. ಹಾಗಿದ್ದರೆ ಆ ಒಂದಿಂಚು ಎಲ್ಲಿಂದ ಬಂತು ಅಂತ ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಲಿಫ್ಟಿನ ಮೇಲೆ ನೇತಾಡುವಾಗಲೇ ಬೋಲ್ಟು ಬಿಗಿದರೆ ತಿರುಚಿಕೊಂಡ ಬುಷ್ಷುಗಳು ಗಾಡಿಯನ್ನು ಪೂರ್ತಿ ಇಳಿಯೋಕೆ ಬಿಡುವುದಿಲ್ಲ, ಎತ್ತಿ ಹಿಡಿದುಕೊಂಡಿರುತ್ತವೆ. ಅವು ಹರಿಯುವವರೆಗೆ.

"ಅಣ್ಣ, ಇದನ್ನ ಮೇಲೆ ಇಟ್ಕೊಂಡು ಬಿಗಿದ್ಯಾ?"

"ಗೀಟು ಕಾಣ್ಸಲ್ವಾ ನಿನಗೆ?"

"ಗೀಟು ಕಾಣ್ತಿದೆ. ಅದಕ್ಕೇ ಕೇಳ್ತಿರೋದು."

ಅಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ. ರಬ್ಬರಣ್ಣನಿಗೆ ಸಿಟ್ಟು ನೆತ್ತಿಗೇರಿತು. ಗೀಟಿನ ವಿಷಯದಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು? "ಆಯಮ್ಮ ಆ ತಿರುವಲ್ಲಿ ಹೋಗೋಳು. ಸುಳ್ಳು ಗೀಟು ಎಳೆಯೋಕೆ ಕೈಯಾದ್ರೂ ಹೇಗೆ ಬಂತು?" ಅಂದ. ಮೂವತ್ತೊಂದು ವರ್ಷದಲ್ಲಿ ಅಣ್ಣನಿಗೆ ದನಿಯೇರಿಸಿದ್ದು ಅದೇ ಮೊದಲು.

ಅಣ್ಣ ತಿರುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನೆ ಕೆಳಗೆ ಹೋಗಿದ್ದೆ ಕಣೋ" ಅಂದ. "ಒಳಗೆ ನುಸುಳಿದೆ, ಮಲ್ಕೊಂಡೆ. ಆಮೇಲೆ ಸೊಂಟ ಹಿಡ್ಕೊಂಡಿತು. ಈಚೆ ಬರೋಕೇ ಆಗ್ಲಿಲ್ಲ. ಕೂಗಿದೆ, ರಸ್ತೆ ಸದ್ದಲ್ಲಿ ಯಾರಿಗೆ ಕೇಳ್ಬೇಕು? ಬೆಳಗ್ಗೆ ಹೋದೋನು, ಹೊರಗೆ ಬಂದಾಗ ಊಟದ ಹೊತ್ತು ಮೀರಿತ್ತು. ಮೊಣಕೈ ಊರ್ಕೊಂಡು ಊರ್ಕೊಂಡು ಬಂದೆ. ಮತ್ತೆ ಹೋಗೋಕೆ ಧೈರ್ಯ ಬರ್ಲಿಲ್ಲ. ಲಿಫ್ಟಿಗೆ ಏರಿಸಿ, ನಿಂತ್ಕೊಂಡೇ ಬಿಗಿದೆ. ನೀನು ನೆಮ್ಮದಿಯಾಗಿ ಹೋಗ್ಲಿ ಅಂತ ಗೀಟು ಎಳೆದೆ."

ಅಣ್ಣನ ಎರಡೂ ಮೊಣಕೈಗಳ ಚರ್ಮ ಕಿತ್ತುಹೋಗಿತ್ತು. ತಮ್ಮ ಬಗ್ಗಿ ಅವನ್ನು ನೋಡಿದ. ಅದರ ಬೆನ್ನಿಗೇ ಇನ್ನೊಂದು ವಿಷಯ ಅರ್ಥವಾಯಿತು, ಅದು ಇದಕ್ಕಿಂತ ಜೋರಾಗಿ ಬಡಿಯಿತು. ಶೆಡ್ಡು ಮುಚ್ಚು ಅಂದರೆ ಅಣ್ಣ ಮುಚ್ಚುವವನಲ್ಲ. ತಾನು ಹೋದ ಮೇಲೂ ಜೀಪುಗಳು ಬರುತ್ತವೆ, ಬೆಟ್ಟದವರು ಬಿಳಿ ಗೀಟು ನೋಡಿ ನಂಬುತ್ತಾರೆ. ಒಂದೋ ಅಣ್ಣ ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾನೆ, ಇಲ್ಲವೇ ಬೇರೆ ಯಾರೋ ಪಾತಾಳಕ್ಕೆ ಹೋಗುತ್ತಾರೆ. ಇಷ್ಟು ತಿಳಿದ ಮೇಲೆ ಕಿಟಕಿ ಪಕ್ಕ ನಿಂತು ಯಾವ ಮುಖ ಇಟ್ಟುಕೊಂಡು ಪಾಠ ಹೇಳೋದು?

ರಬ್ಬರಣ್ಣ ಪಾನ ಹಿಡಿದು ಜೀಪಿನ ಅಡಿಗೆ ನುಸುಳಿದ. ಅಂಗಾತ ಮಲಗಿದಾಗ ಜೇಬಿನ ಬೀಗದಕೈ ಎದೆಗೆ ಒತ್ತಿತು. ಗೀಟುಗಳನ್ನು ಚಿಂದಿಯಿಂದ ಒರೆಸಿ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದ. ಬುಷ್ಷುಗಳು ಟಕ್ ಅಂತ ತಿರುಗಿ ತಮ್ಮ ಜಾಗಕ್ಕೆ ಬಂದವು. ಪ್ರತಿ ಸಲವೂ ಜೀಪು ಸ್ವಲ್ಪ ಸ್ವಲ್ಪ ಅವನ ಮುಖದ ಕಡೆ ಇಳಿಯಿತು. ಪಕ್ಕದಲ್ಲಿ ಅಣ್ಣನ ಎರಡು ಪಾದಗಳು ಕಾಣುತ್ತಿದ್ದವು. ಅವು ಅಲ್ಲಾಡದೆ ನಿಂತಿದ್ದವು.

ಅವನು ಮತ್ತೆ ಬಿಗಿದ. ಹೊಸ ಗೀಟು ಎಳೆದ.

ನಾಲ್ಕು ಗಂಟೆಗೆ ಡಾಕ್ಟರಮ್ಮ ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದಳು. ಹತ್ತಿ ಕೂತು ಇಂಜಿನ್ ಶುರುಮಾಡಿ, "ಸೀಟಿಗೆ ನಡುಕ ಬರ್ತಾನೇ ಇಲ್ವಲ್ಲ" ಅಂದಳು.

ರಬ್ಬರಣ್ಣ ಪ್ರತಿ ಗಿರಾಕಿಗೂ ಹೇಳುವ ಮಾತನ್ನು ಹೇಳಿದ: "ಐನೂರು ಕಿಲೋಮೀಟರ್ ಓಡಿದ ಮೇಲೆ ಒಂದ್ಸಲ ತಗೊಂಡು ಬನ್ನಿ. ಹೊಸ ಬೋಲ್ಟು ಸಡಿಲ ಆಗಿರತ್ತೆ, ಮತ್ತೆ ಬಿಗಿದು ಕೊಡ್ಬೇಕು."

"ಹೊಸ ಊರಿಗೆ ಹೋಗ್ತೀರಿ ಅಂತ ಕೇಳಿದ್ದೆ. ಅಷ್ಟೊತ್ತಿಗೆ ನೀವು ಇರ್ತೀರಾ?"

ಶೆಡ್ಡಿನೊಳಗೆ ಅಣ್ಣ ಪಾನಗಳನ್ನು ಗೋಡೆಗೆ ನೇತುಹಾಕುತ್ತಿದ್ದವನು ಹಾಗೇ ನಿಂತ. ರಬ್ಬರಣ್ಣ ಜೇಬಿನ ಮೇಲೆ ಕೈಯಿಟ್ಟುಕೊಂಡ. ಮನೆಯಲ್ಲಿ ಸುತ್ತಿಟ್ಟ ಪಾತ್ರೆಗಳು ನೆನಪಾದವು.

"ಇರ್ತೀನಿ, ತಗೊಂಡು ಬನ್ನಿ" ಅಂದ. "ನಾನೆಲ್ಲಿಗೆ ಹೋಗ್ತೀನಿ ಮೇಡಂ."