ಅಮ್ಮನ ವಿಸಿಟ್ ವೀಸಾ

ಆ ಕಾಲದಲ್ಲಿ ಗುರುವಾಯನಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿಯಿತ್ತು. ಪಾಸ್‌ಪೋರ್ಟ್ ಅರ್ಜಿ ತುಂಬಿಸುವುದೇ ಮುಖ್ಯ ಕೆಲಸ. ಮಕ್ಕಳ ಮನೆಗೆಂದು ತಿಂಗಳ ಮಟ್ಟಿಗೆ ಗಲ್ಫಿಗೆ ಹೊರಟ ಹೆಂಗಸರಿಗೆ ಫೋಟೋದಿಂದ ಹಿಡಿದು ವಾಪಸು ಟಿಕೆಟಿನವರೆಗೆ ಎಲ್ಲ ನಾನೇ ಹೇಳಿಕೊಡುತ್ತಿದ್ದೆ. ಸ್ವಲ್ಪ ಗತ್ತೂ ಇತ್ತೆನ್ನಿ. ಐವತ್ತು ದಾಟಿದವರಾದರೆ ವಿದ್ಯಾಭ್ಯಾಸದ ಸಾಲಿನಲ್ಲಿ ಕೇಳದೆಯೇ ಐದನೇ ತರಗತಿ ಎಂದು ಬರೆದು, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಡುತ್ತಿದ್ದೆ. ಅಮ್ಮನ ಅರ್ಜಿಯನ್ನೂ ಹಾಗೆಯೇ ತುಂಬಿಸಿದೆ. ಅವಳು ಕಣ್ಣಾಡಿಸಿ ಸಹಿ ಹಾಕಿದಳು.

ಅಕ್ಕ ಶಾರ್ಜಾದಲ್ಲಿದ್ದಳು. ಅವಳ ಮೊದಲ ಮಗು ಎರಡೇ ದಿನ ಬದುಕಿತ್ತು. ಈಗ ಮತ್ತೆ ತುಂಬು ಗರ್ಭಿಣಿ. ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದರು. "ಅಮ್ಮ ಒಬ್ಬಳು ಹತ್ತಿರ ಇದ್ರೆ ನನಗೆ ಧೈರ್ಯ" ಎಂದು ಫೋನಿನಲ್ಲಿ ಅತ್ತಳು. ಭಾವ ವಿಸಿಟ್ ವೀಸಾ ಕಳುಹಿಸಿದರು. ಅಮ್ಮ ಎರಡು ದಿನ ಒಲೆಯ ಮುಂದೆ ಕೂತು ಮಗುವಿಗೆ ಹಚ್ಚುವ ಎಣ್ಣೆ ಕಾಯಿಸಿದಳು.

ವಿಮಾನ ನಿಲ್ದಾಣದೊಳಗೆ ಹೋದ ಅಮ್ಮ ಗಂಟೆ ಕಳೆಯುವುದರೊಳಗೆ ಬ್ಯಾಗಿನೊಂದಿಗೆ ಹೊರಗೆ ಬಂದಳು. ಹತ್ತನೇ ಪಾಸಾಗದವರು ಗಲ್ಫಿಗೆ ಹೋಗಬೇಕಾದರೆ ಬೇರೆ ಅನುಮತಿಯ ಮುದ್ರೆ ಬೇಕಂತೆ. ಅದು ಕೆಲಸಕ್ಕೆ ಹೋಗುವವರಿಗೆ ಮಾತ್ರ ಎಂದು ನಾನು ತಿಳಿದಿದ್ದೆ; ನಾನು ಕಳುಹಿಸಿದ ಹೆಂಗಸರನ್ನು ಅದುವರೆಗೆ ಯಾರೂ ತಡೆದಿರಲಿಲ್ಲ.

ವಾಪಸು ಬರುವಾಗ ಕಾರು ಮೂಡುಬಿದಿರೆ ದಾಟಿತು. ಆಗ ಅಮ್ಮ ಮೆಲ್ಲ ಹೇಳಿದಳು: "ನಾನು ಹತ್ತನೇ ಪಾಸು ಅಂತ ಆಫೀಸರಿಗೆ ಹೇಳಿದೆ. ಹಾಗಾದ್ರೆ ಅರ್ಜಿಯಲ್ಲಿ ಯಾಕೆ ಬರೆಸ್ಲಿಲ್ಲ ಅಂತ ಕೇಳಿದ್ರು."

"ನನಗೆ ಯಾಕಮ್ಮ ಹೇಳ್ಲಿಲ್ಲ?"

"ನೀನು ಬರೆದದ್ದು ಓದಿದೆ ಮಗ. ದಿನಾ ಮಾಡುವ ಕೆಲಸ ಅಲ್ವಾ, ಹೀಗೇ ಬರೀಬೇಕು ಅಂತ ಉಂಟೋ ಏನೋ ಅಂತ ಸುಮ್ಮನಾದೆ."

ಮನೆಗೆ ಬಂದು ಪೆಟ್ಟಿಗೆಯಿಂದ ಅಂಕಪಟ್ಟಿ ತೆಗೆದು ಕೊಟ್ಟಳು. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ. ಮೂವತ್ತು ವರ್ಷ ಜೊತೆಗಿದ್ದು ನಾನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ತಿದ್ದುಪಡಿಗೆ ಹೋದ ಪಾಸ್‌ಪೋರ್ಟ್ ಬರುವ ಮೊದಲೇ ಅಕ್ಕನಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಉಳಿಯಿತು. ಸ್ನಾನ ಮಾಡಿಸಿದವಳು ಪಕ್ಕದ ಫ್ಲಾಟಿನ, ಕನ್ನಡ ಬರುವ ಕೇರಳದ ಹೆಂಗಸು. ಭಾವ ಸ್ಪೀಕರ್ ಹಾಕಿ ಆ ಹೆಂಗಸಿನ ಹತ್ತಿರ ಫೋನು ಹಿಡಿದಿದ್ದರು. ಇಲ್ಲಿ ಅಮ್ಮ ಎಣ್ಣೆ ಬಾಟ್ಲಿಯನ್ನು ಮಡಿಲಲ್ಲಿಟ್ಟು ಕೂತಿದ್ದಳು.

"ಮೊದಲು ನಿಮ್ಮ ಅಂಗೈಗೆ ಹಾಕಿ ಬೆಚ್ಚಗೆ ಮಾಡಿ, ಆಮೇಲೆ ನೆತ್ತಿಗೆ" ಎನ್ನುತ್ತಾ ತನ್ನ ಬರಿಗೈಗಳನ್ನು ಉಜ್ಜಿಕೊಳ್ಳುತ್ತಿದ್ದಳು.